ಹೆಸರು ಬಚ್ಚಿಟ್ಟ ಇನ್‌ಸ್ಪೆಕ್ಟರ್

ಹೋದ ವರ್ಷ ದಸರಾ ರಜೆಯಲ್ಲಿ ಅಕ್ಕನ ಮಗನಿಗೆ ಅವನದೇ ಕನ್ನಡ ಪುಸ್ತಕ ಕೊಟ್ಟು, ಒಂದು ಪಾಠ ಓದಿ ತೋರಿಸು ಎಂದೆ. ಅವನು ಐದನೇ ತರಗತಿ. ಮೊದಲ ಸಾಲಿನ ಮೇಲೆ ಬೆರಳಿಟ್ಟು ಇಡೀ ಪಾಠವನ್ನು ಗಡಗಡ ಹೇಳಿ ಮುಗಿಸಿದ. ಶಭಾಷ್ ಎನ್ನುವಷ್ಟರಲ್ಲಿ ಗಮನಿಸಿದೆ, ಬೆರಳು ಇನ್ನೂ ಮೊದಲ ಸಾಲಿನಲ್ಲೇ ಇತ್ತು. ಬೇರೆ ಪುಟ ತೆರೆದು ಕೊಟ್ಟೆ. ಸರಳ ಅಕ್ಷರಗಳನ್ನು ಕೂಡಿಸಿಕೊಂಡು ಎರಡು ಪದ ಓದಿದ. ಒತ್ತಕ್ಷರ ಬಂದಕೂಡಲೇ ನನ್ನ ಮುಖ ನೋಡಿದ. ಆಮೇಲೆ ಪುಸ್ತಕ ಮುಚ್ಚಿ ಓಡಿಹೋದ.

ನಮ್ಮದು ಶಹಾಪುರ ಮತ್ತು ಸುರಪುರದ ನಡುವಿನ ಒಂದು ಹಳ್ಳಿ. ನಾನು ಬಿ.ಇ. ಐದನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ನಮ್ಮ ಮನೆತನದಲ್ಲಿ ಇಂಜಿನಿಯರಿಂಗ್‌ಗೆ ಹೋದ ಮೊದಲ ಹುಡುಗಿ ಎಂದು ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿರುತ್ತಾರೆ. ಅಂಥ ಮನೆಯಲ್ಲೇ ಒಬ್ಬ ಹುಡುಗನಿಗೆ ಓದಲು ಬರುವುದಿಲ್ಲ, ನನಗೆ ಅದು ಗೊತ್ತೇ ಇರಲಿಲ್ಲ. ಆ ರಾತ್ರಿ ಪ್ಲೇಸ್‌ಮೆಂಟಿಗೆ ಓದುವುದು ಬಿಟ್ಟು ಸುಮ್ಮನೆ ಮಲಗಿದೆ.

ಇದು ಒಂದು ಮನೆಯ ಕಥೆಯಲ್ಲ ಎನ್ನುವುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡಿಮೆ. ಅದೇ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದದ್ದು ದಕ್ಷಿಣ ಕನ್ನಡ, ಶೇ 88.57. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿಯೂ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಯಾದಗಿರಿ ಕಟ್ಟಕಡೆಗೆ. ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಯ ಹೆಸರು ಟಿ.ವಿ.ಯಲ್ಲಿ ಬರುವುದು ಇದಕ್ಕಾಗಿಯೇ.

ರಜೆ ಮುಗಿದ ಮೇಲೆ ನಮ್ಮೂರಿನ ಶಾಲೆಯ ಮೇಷ್ಟ್ರು ಸಿಕ್ಕು, ಕಾಲೇಜಿಗೆ ರಜೆ ಇರುವ ಶನಿವಾರ ಬಂದು ಮಕ್ಕಳ ಜತೆ ಮಾತಾಡಮ್ಮ ಎಂದರು. ಹೋದೆ. ಇಂಜಿನಿಯರ್ ಆಗುವುದು ಹೇಗೆ, ಗುರಿ ಇಟ್ಟುಕೊಳ್ಳುವುದು ಹೇಗೆ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಮಕ್ಕಳು ಆಕಳಿಸಿದವು. ಹಿಂದಿನ ಸಾಲಿನವರು ಕಿಟಕಿಯಲ್ಲಿ ಕುಳಿತ ಗುಬ್ಬಿ ನೋಡುತ್ತಿದ್ದರು. ಕೊನೆಗೆ ಏನಾದರೂ ಕೇಳ್ರಿ ಎಂದರೆ ಒಬ್ಬಳು ಎದ್ದು, ಕಥೆ ಹೇಳ್ತೀರೇನು ಅಕ್ಕಾ ಎಂದು ಕೇಳಿದಳು. ನನಗೆ ಒಂದು ಕಥೆಯೂ ನೆನಪಾಗಲಿಲ್ಲ.

ಕಥೆ ಹುಡುಕಿಕೊಂಡು ಲೈಬ್ರರಿಗೆ ಹೋದೆ. ಅಲ್ಲಿ ಬೆನ್ನು ಹರಿದ ಒಂದು ಪುಸ್ತಕ ಸಿಕ್ಕಿತು, ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು. ತಿರುವಿ ಹಾಕಿದರೆ ನಾನು ಚಿಕ್ಕವಳಿದ್ದಾಗ ಬಾಯಿಪಾಠ ಮಾಡಿದ ನಾಗರಹಾವಿನ ಪದ್ಯ ಬರೆದವರೂ ಇವರೇ ಎಂದು ತಿಳಿಯಿತು. ಪದ್ಯ ಇಷ್ಟು ವರ್ಷ ನನ್ನ ತಲೆಯಲ್ಲಿತ್ತು, ಕವಿಯ ಹೆಸರು ಇರಲಿಲ್ಲ. ಆಮೇಲೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಷ್ಟು ದಿನ ಇವರನ್ನು ಯಾಕೆ ತಿಳಿದುಕೊಳ್ಳಲಿಲ್ಲ ಎಂದು ಬೇಸರವಾಯಿತು. ಅದಕ್ಕೇ ಈ ಬರಹ.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ನೇತ್ರಾವತಿ ನದಿಯ ದಂಡೆಯ ಬಂಟವಾಳದಲ್ಲಿ. ಪಂಜೆ ಎಂಬುದು ಮನೆತನದ ಹೆಸರು. ಈಗ ಸಾಕ್ಷರತೆಯಲ್ಲಿ ಮೊದಲಿರುವ ಅದೇ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಮೂಲೆಯ ಒಂದು ಜಿಲ್ಲೆ. ಮನೆಯಲ್ಲಿ ಬಡತನ. ಇವರು ಇನ್ನೂ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಒಡಹುಟ್ಟಿದವರು ಹಲವರು, ಹೊಣೆ ಹೆಗಲ ಮೇಲೆ ಬಿತ್ತು. ಮುಂದಿನ ಓದಿಗೆ ಮಂಗಳೂರಿಗೆ ಬಂದರು. ಈಗಿನ ಹುಡುಗರು ಮೊದಲು ಡಿಗ್ರಿ, ಆಮೇಲೆ ಕೆಲಸ ಎಂದು ಲೆಕ್ಕ ಹಾಕುತ್ತೇವೆ. ಇವರಿಗೆ ಆ ಅವಕಾಶ ಇರಲಿಲ್ಲ. ಡಿಗ್ರಿ ಕೈಗೆ ಬರುವ ಮೊದಲೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದರು. ಕಲಿಸುತ್ತಲೇ ಓದಿ ಬಿ.ಎ. ಮುಗಿಸಿದರು, ಆಮೇಲೆ ಶಿಕ್ಷಕರ ತರಬೇತಿಯ ಎಲ್.ಟಿ. ಮಾಡಿದರು. ನೌಕರಿ ಮತ್ತು ಪರೀಕ್ಷೆ ಎರಡನ್ನೂ ಒಟ್ಟಿಗೆ ಎಳೆಯುತ್ತಿರುವ ಓದುಗರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಇವರು ನಿಮ್ಮವರೇ ಎಂದುಕೊಳ್ಳಿ.

ನನಗೆ ಮುಖ್ಯ ಎನಿಸಿದ ಇನ್ನೊಂದು ಸಂಗತಿ ಅವರ ಮಾತೃಭಾಷೆ. ಅದು ಕೊಂಕಣಿ. ಬೀದಿಗೆ ಬಂದರೆ ತುಳು. ಶಾಲೆಯ ಒಳಗೆ ಕನ್ನಡ. ಪರೀಕ್ಷೆ ಮೇಲಕ್ಕೆ ಹೋದಷ್ಟೂ ಇಂಗ್ಲಿಷ್. ಅಂದರೆ ಕನ್ನಡವನ್ನು ಅವರು ಕಲಿತದ್ದು ಮನೆಯ ಒಲೆಯ ಮುಂದಲ್ಲ, ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಹಾಗೆ ಹೊಸ್ತಿಲು ದಾಟಿದ ಮೇಲೆ. ನಮ್ಮ ಕಡೆ ಒಂದೇ ತರಗತಿಯಲ್ಲಿ ತಾಂಡಾದಿಂದ ಬರುವ ಲಂಬಾಣಿ ಮಾತಿನ ಮಕ್ಕಳು, ಉರ್ದು ಮಾತಿನ ಮಕ್ಕಳು, ಗಡಿ ಕಡೆಯ ತೆಲುಗು ಮಾತಿನ ಮಕ್ಕಳು ಕೂಡಿ ಕುಳಿತಿರುತ್ತಾರೆ. ಮನೆಯಲ್ಲಿ ಕನ್ನಡವೇ ಆಡುವವರಿಗೂ ಪುಸ್ತಕದ ಕನ್ನಡ ಬೇರೆ, ನಮ್ಮ ಬಾಯಿಯ ಕನ್ನಡ ಬೇರೆ. ಪಂಜೆಯವರ ಪದ್ಯಗಳಲ್ಲಿ ಅರ್ಥಕ್ಕಿಂತ ಮೊದಲು ಸದ್ದು ಬಂದು ಕಿವಿ ಹಿಡಿಯುತ್ತದೆ. ತೆಂಕಣ ಗಾಳಿಯಾಟ ಎಂಬ ಪದ್ಯದಲ್ಲಿ ಗಾಳಿ ಬೀಸುವುದು ಪದಗಳ ಸದ್ದಿನಲ್ಲೇ ಕೇಳುತ್ತದೆ. ಭಾಷೆಯನ್ನು ಹೊರಗಿನಿಂದ ಕಿವಿಗೊಟ್ಟು ಕಲಿತವರಿಗೆ ಈ ಗುಟ್ಟು ಬೇಗ ತಿಳಿದಿರಬೇಕು ಎಂದು ನನಗನ್ನಿಸುತ್ತದೆ.

1900ರಲ್ಲಿ ಮಂಗಳೂರಿನಿಂದ ಸುವಾಸಿನಿ ಎಂಬ ಪತ್ರಿಕೆ ಹೊರಟಿತು. ಅದನ್ನು ನಡೆಸುತ್ತಿದ್ದವರು ಬೆನಗಲ್ ರಾಮರಾಯರು, ಪಂಜೆಯವರ ಹೆಂಡತಿ ಭವಾನಿಬಾಯಿಯವರ ಸಹೋದರ. ಆ ಪತ್ರಿಕೆಗೆ ಪಂಜೆಯವರು ಬರೆದ ಕಥೆಗಳು, ಹರಟೆಗಳು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳು ಎಂದು ವಿಮರ್ಶಕರು ಹೇಳುತ್ತಾರೆ. ಹಾಸ್ಯ ಅವರಿಗೆ ಸಲೀಸು. ಇತಿಹಾಸದ ಕಥೆಗಳನ್ನೂ ಬರೆದರು, ದುರ್ಗಾವತಿ ಅಂಥದ್ದೊಂದು. ಇದೇ ದಾರಿಯಲ್ಲಿ ಹೋಗಿದ್ದರೆ ದೊಡ್ಡವರ ನಡುವೆ ದೊಡ್ಡ ಕಥೆಗಾರ ಎಂಬ ಹೆಸರು ಸುಲಭವಾಗಿ ಸಿಗುತ್ತಿತ್ತು.

ಆದರೆ ಅವರು ಹೆಸರಿನ ಹಿಂದೆ ಹೋದವರಲ್ಲ. ಪದ್ಯಗಳಿಗೆ ಕವಿಶಿಷ್ಯ ಎಂದು ಹಾಕಿಕೊಂಡರು. ಹರಟೆಗೆ ಹರಟೆಮಲ್ಲ. ಇನ್ನು ಕೆಲವಕ್ಕೆ ರಾ.ಮ.ಪಂ. ಎಂಬ ಅಕ್ಷರಗಳಷ್ಟೇ. ಮೇಷ್ಟ್ರಾದವರು ತಮ್ಮನ್ನು ಶಿಷ್ಯ ಎಂದು ಕರೆದುಕೊಂಡರು. ಅವರ ಕೈಯಲ್ಲಿ ಕಲಿತ ಮಂಜೇಶ್ವರದ ಗೋವಿಂದ ಪೈಗಳು ಮುಂದೆ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡರು. ಶಿಷ್ಯ ರಾಷ್ಟ್ರಕವಿ, ಗುರು ಕವಿಶಿಷ್ಯ. ರೆಸ್ಯೂಮೆಯಲ್ಲಿ ಎರಡು ದಿನದ ವರ್ಕ್‌ಶಾಪನ್ನೂ ದಪ್ಪ ಅಕ್ಷರದಲ್ಲಿ ಹಾಕಿದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು.

ಕಾಲೇಜಿನಿಂದ ಅವರು ಶಾಲಾ ಇನ್‌ಸ್ಪೆಕ್ಟರ್ ಕೆಲಸಕ್ಕೆ ಬಂದರು. ಆಗಿನ ಇನ್‌ಸ್ಪೆಕ್ಟರ್ ಎಂದರೆ ಶಾಲೆಗೆ ಶಾಲೆಯೇ ನಡುಗುವ ಕಾಲ. ಹಾಜರಿ ಪುಸ್ತಕ ನೋಡುವವರು, ಮಕ್ಕಳನ್ನು ನಿಲ್ಲಿಸಿ ಪರೀಕ್ಷೆ ಮಾಡುವವರು ಅವರೇ. ಅವರು ಬರೆಯುವ ವರದಿಯ ಮೇಲೆ ಮೇಷ್ಟ್ರ ಭವಿಷ್ಯ ನಿಂತಿತ್ತು. ಹಳ್ಳಿಯಿಂದ ಹಳ್ಳಿಗೆ ತಿರುಗಿದ ಪಂಜೆಯವರು ಅಲ್ಲಿ ಮಕ್ಕಳ ಮುಂದೆ ಹಾಡುವ, ಕಥೆ ಹೇಳುವ ಅಧಿಕಾರಿ ಎಂದು ಹೆಸರಾದರು. ಕೀರ್ತನೆಯ ಧಾಟಿ ಬಲ್ಲವರಾದ್ದರಿಂದ ಕಂಠವೂ ಇತ್ತು, ಅಭಿನಯವೂ ಇತ್ತು.

ತಿರುಗಾಟದಲ್ಲಿ ಅವರಿಗೆ ಕಂಡದ್ದು ನನಗೆ ಅಕ್ಕನ ಮಗನ ಬೆರಳಿನಲ್ಲಿ ಕಂಡದ್ದೇ ಇರಬೇಕು. ಮಕ್ಕಳು ಒಪ್ಪಿಸುತ್ತಿದ್ದರು, ಓದುತ್ತಿರಲಿಲ್ಲ. ಮಕ್ಕಳಿಗೆಂದೇ ಬರೆದದ್ದು ಕನ್ನಡದಲ್ಲಿ ಆಗ ಬಹಳ ಕಡಿಮೆ. ನೀತಿ ಹೇಳುವ ಪದ್ಯಗಳಿದ್ದವು, ಹಳಗನ್ನಡದ ತುಣುಕುಗಳಿದ್ದವು, ನಗಿಸುವಂಥದ್ದು ಹುಡುಕಬೇಕಿತ್ತು. ಹೀಗಾಗಿ ತಾವೇ ಬರೆಯತೊಡಗಿದರು. ನಾಗರಹಾವು, ಮುಂಜಾನೆಯ ಸೂರ್ಯ, ಸಂಜೆ, ಜೋಗುಳ, ಗಾಳಿ ಎಲ್ಲ ಪದ್ಯವಾದವು. ಶಾಲೆಗಳಿಗೆ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಇಲಿಗಳ ಥಕಥೈ, ಕೊಕ್ಕೋ ಕೋಳಿ, ಒಡ್ಡನ ಓಟ, ಗುಡುಗುಡು ಗುಮ್ಮಟ ದೇವರು ಎಂಬ ಕಥೆಗಳನ್ನು ಬರೆದರು. ಹೆಸರು ಓದಿದರೇ ಬಾಯಿಗೆ ಆಟ. ಮಕ್ಕಳ ಪುಸ್ತಕ ಬರೆಸಿ, ಅಚ್ಚು ಹಾಕಿಸಿ ಹಂಚಲಿಕ್ಕೆಂದು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಎಂಬ ಸಂಸ್ಥೆಯನ್ನೇ ಕಟ್ಟಿದರು. ಒಬ್ಬರೇ ಬರೆದರೆ ಸಾಲದು, ಬರೆಯುವವರ ಗುಂಪೇ ಬೇಕು ಎನ್ನುವುದು ಅವರಿಗೆ ತಿಳಿದಿತ್ತು.

ಇತಿಹಾಸವನ್ನು ಅವರು ಮಕ್ಕಳಿಗೆ ಕೊಟ್ಟ ರೀತಿಯೂ ಗಮನಿಸುವಂಥದ್ದು. ತುಳುನಾಡಿನಲ್ಲಿ ಹೆಣ್ಣುಮಕ್ಕಳು ನಾಟಿ ಮಾಡುವಾಗ ಪಾಡ್ದನ ಹಾಡುತ್ತಾರೆ. ಕೋಟಿ ಮತ್ತು ಚೆನ್ನಯ ಎಂಬ ಅವಳಿ ವೀರರ ಕಥೆ ಹೀಗೆ ಬಾಯಿಂದ ಬಾಯಿಗೆ ಬಂದದ್ದು. ಪಂಜೆಯವರು ಅದನ್ನು ಕೇಳಿ, ಕನ್ನಡ ಗದ್ಯದಲ್ಲಿ ಕೋಟಿ ಚೆನ್ನಯ ಎಂಬ ಪುಸ್ತಕ ಮಾಡಿದರು. ತುಳು ಬಾರದ ನಾನು ಯಾದಗಿರಿಯಲ್ಲಿ ಕುಳಿತು ಆ ವೀರರನ್ನು ತಿಳಿಯಲು ಸಾಧ್ಯವಾದದ್ದು ಇದರಿಂದ. ಅದನ್ನು ಓದುವಾಗ ನಮ್ಮ ಕಡೆಯದೆಲ್ಲ ನೆನಪಾಯಿತು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವಿದೆ. ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ. 1858ರಲ್ಲಿ ಇಂಗ್ಲಿಷರ ಮೇಲೆ ಎದ್ದ ರಾಜಾ ವೆಂಕಟಪ್ಪ ನಾಯಕರ ಕಥೆ ಹಿರಿಯರ ಬಾಯಲ್ಲಿದೆ. ಕೃಷ್ಣೆಯ ದಂಡೆಯಲ್ಲಿ ತಿಂಥಣಿ ಮೌನೇಶ್ವರರಿದ್ದಾರೆ. ನಮ್ಮೂರ ಶಾಲೆಯ ಕಪಾಟಿನಲ್ಲಿ ನಾನು ಹುಡುಕಿದೆ, ನಾಲ್ಕನೇ ತರಗತಿಯ ಮಗು ಓದುವಂಥ ಕನ್ನಡದಲ್ಲಿ ಇವುಗಳಲ್ಲಿ ಒಂದೂ ಸಿಗಲಿಲ್ಲ.

ಮಕ್ಕಳಿಗೆ ಬರೆದವರು ಎಂದರೆ ಬರೀ ನಗೆಯ ಮನುಷ್ಯ ಎಂದುಕೊಳ್ಳಬಾರದು. ಅಸ್ಪೃಶ್ಯತೆಯ ಬಗ್ಗೆ ಬಾಯಿ ಬಿಡುವವರೇ ಕಡಿಮೆ ಇದ್ದ ಕಾಲದಲ್ಲಿ ಅವರು ಹೊಲೆಯನ ಹಾಡು ಎಂಬ ಪದ್ಯ ಬರೆದು, ನಿಜವಾಗಿ ಮೈಲಿಗೆಯವರು ಯಾರು ಎಂಬ ಪ್ರಶ್ನೆಯನ್ನು ಮೇಲ್ಜಾತಿಯವರ ಕಡೆಗೇ ತಿರುಗಿಸಿದರು. ಅವರೂ ಅದೇ ಮೇಲ್ಜಾತಿಯಲ್ಲಿ ಹುಟ್ಟಿದವರು.

ಆಮೇಲೆ ಕೊಡಗಿಗೆ ವರ್ಗ. ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ವರ್ಗವಾದ ಊರನ್ನು ಶಿಕ್ಷೆ ಎಂದು ನೋಡುವವರು ಇದ್ದಾರೆ. ನಮ್ಮ ಜಿಲ್ಲೆಗೆ ಪೋಸ್ಟಿಂಗ್ ಆದವರು ಮೊದಲ ದಿನವೇ ವಾಪಸ್ ಹೋಗುವ ದಾರಿ ಕೇಳುವುದನ್ನು ನಾವು ಕಂಡಿದ್ದೇವೆ. ಪಂಜೆಯವರು ಮಡಿಕೇರಿಗೆ ಹೋಗಿ ಆ ನಾಡಿನ ಬೆಟ್ಟ, ಹೊಳೆ, ಹಬ್ಬವನ್ನು ಕಣ್ತುಂಬ ನೋಡಿದರು. ಹುತ್ತರಿ ಕೊಡಗಿನ ಸುಗ್ಗಿ ಹಬ್ಬ, ಹೊಸ ಭತ್ತದ ಕದಿರು ಮನೆಗೆ ತರುವ ಹಬ್ಬ. ಅದರ ಮೇಲೆ ಅವರು ಬರೆದ ಹುತ್ತರಿ ಹಾಡು ಕೊಡಗಿನವರ ಅಭಿಮಾನದ ಹಾಡಾಯಿತು. ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಬರೆದ ಹಾಡನ್ನು ಒಂದು ಇಡೀ ನಾಡು ತನ್ನದೆಂದು ಹಾಡುತ್ತದೆ.

ಇನ್ನು ನಮ್ಮ ಕಡೆಯ ಸಂಬಂಧಕ್ಕೆ ಬರುತ್ತೇನೆ. 1934ರಲ್ಲಿ 20ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ರಾಯಚೂರಿನಲ್ಲಿ. ಅಧ್ಯಕ್ಷರು ಪಂಜೆ ಮಂಗೇಶರಾಯರು, ವಯಸ್ಸು 60. ಆಗ ರಾಯಚೂರು, ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಕನ್ನಡ ಮನೆಯಲ್ಲಿತ್ತು, ಹೊಲದಲ್ಲಿತ್ತು, ಭಜನೆಯಲ್ಲಿತ್ತು, ಮೇಲಿನ ತರಗತಿಗೆ ಹೋದಂತೆ ಕರಗಿಹೋಗುತ್ತಿತ್ತು. ಮಂಗಳೂರಿನವರೇ ಆದ ಪಂಡಿತ ತಾರಾನಾಥರು ರಾಯಚೂರಿಗೆ ಬಂದು ಹಮ್‌ದರ್ದ್ ಶಾಲೆ ಕಟ್ಟಿದ್ದು ಇಂಥ ವಾತಾವರಣದಲ್ಲೇ. ಅಂಥ ನೆಲದಲ್ಲಿ ಕನ್ನಡದ ದೊಡ್ಡ ಸಭೆಗೆ ಅಧ್ಯಕ್ಷರಾಗಿ ಕೂತವರು ಮಕ್ಕಳ ಪದ್ಯ ಬರೆದ ಒಬ್ಬ ಶಾಲಾ ಮೇಷ್ಟ್ರು. ಆ ಗೌರವ ನನಗೆ ಸರಿಯಾದ ಜಾಗದಲ್ಲೇ ಸಿಕ್ಕಿತು ಎನಿಸುತ್ತದೆ. ಭಾಷೆ ಉಳಿಯುವುದು ಮೊದಲನೇ ತರಗತಿಯಲ್ಲಿ ಎಂದು ನಿಜಾಮರ ನಾಡಿನ ಕನ್ನಡಿಗರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಇದಾಗಿ ಮೂರೇ ವರ್ಷ. 1937ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡದ್ದೂ ಹೈದರಾಬಾದಿನಲ್ಲಿ. ಬಂಟವಾಳದ ನದಿ ದಂಡೆಯಲ್ಲಿ ಹುಟ್ಟಿದವರು ನಮ್ಮ ಹಿರಿಯರ ರಾಜಧಾನಿಯಲ್ಲಿ ಕಣ್ಣು ಮುಚ್ಚಿದರು. ಅವರಿಗೆ 63 ವರ್ಷ. ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿ ಸೇರುವುದನ್ನು ನೋಡಲು ಅವರು ಇರಲಿಲ್ಲ, ಅದಕ್ಕೆ ಇನ್ನೂ 19 ವರ್ಷ ಬೇಕಿತ್ತು. ಆದರೆ ಹರಿದುಹೋಗಿದ್ದ ಕನ್ನಡ ನಾಡಿನ ತುಂಡುಗಳಲ್ಲಿ ಮದ್ರಾಸ್ ಪ್ರಾಂತ್ಯ, ಕೊಡಗು, ನಿಜಾಮರ ಸೀಮೆ ಎಂಬ ಮೂರರಲ್ಲಿ ಅವರ ಹೆಜ್ಜೆ ಇತ್ತು.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ದಕ್ಷಿಣ ಕನ್ನಡ ಮುಂದೆ ಹೋದದ್ದು ಪಂಜೆಯವರೊಬ್ಬರಿಂದ ಎಂದು ನಾನು ಹೇಳುತ್ತಿಲ್ಲ. ಮಿಷನ್ ಶಾಲೆಗಳು, ಮುದ್ರಣಾಲಯ, ಬಂದರಿನ ವ್ಯಾಪಾರ, ಊರವರೇ ಕಟ್ಟಿದ ಶಾಲೆಗಳು, ಎಲ್ಲವೂ ಸೇರಿದ್ದವು. ನಮ್ಮ ಹಿಂದುಳಿಯುವಿಕೆಗೂ ಒಂದೇ ಕಾರಣವಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ತರಗತಿಗಳು ಖಾಲಿಯಾಗುತ್ತವೆ. ಮಳೆ ಕೈಕೊಟ್ಟರೆ ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗುವವರ ಜತೆ ಮಕ್ಕಳೂ ಹೋಗುತ್ತವೆ. ಕಥೆ ಪುಸ್ತಕದಿಂದ ಮಳೆ ಬರುವುದಿಲ್ಲ. ಆದರೆ ಶಾಲೆಗೆ ಬಂದ ದಿನವಾದರೂ ಆ ಮಗುವಿಗೆ ಶಾಲೆಯಲ್ಲಿ ಇರಬೇಕು ಎನ್ನಿಸಬೇಕಲ್ಲ? ಆ ಒಂದು ಕೆಲಸವನ್ನು ಪಂಜೆಯವರು ಹಿಡಿದುಕೊಂಡರು, ಕೊನೆಯವರೆಗೂ ಬಿಡಲಿಲ್ಲ.

ಎರಡನೇ ಶನಿವಾರ ಶಾಲೆಗೆ ಹೋಗುವಾಗ ಭಾಷಣ ಒಯ್ಯಲಿಲ್ಲ. ಹೇನು ಸತ್ತು ಕಾಗೆ ಬಡವಾಯಿತು ಎಂಬ ಕಥೆ ಒಯ್ದೆ. ಒಂದರ ಹಿಂದೆ ಒಂದು ಕೊಂಡಿ ಕೂಡಿಕೊಳ್ಳುತ್ತ ಬೆಳೆಯುವ ಕಥೆ ಅದು, ಹಿಂದೆ ಹೇಳಿದ್ದು ಮತ್ತೆ ಮತ್ತೆ ಬರುತ್ತದೆ. ಹೆಸರು ಕೇಳಿದಕೂಡಲೇ ನಗು ಶುರುವಾಯಿತು. ಮೂರನೇ ಸಲಕ್ಕೆ ಮಕ್ಕಳೇ ಮುಂದಿನದನ್ನು ಕೂಗತೊಡಗಿದರು. ಆಮೇಲೆ ಅದೇ ಸಾಲುಗಳನ್ನು ಕಪ್ಪು ಹಲಗೆಯ ಮೇಲೆ ಬರೆದೆ. ಬಾಯಲ್ಲಿದ್ದ ಪದ ಹಲಗೆಯ ಮೇಲೆ ಹೀಗೆ ಕಾಣುತ್ತದೆ ಎಂದು ಕೆಲವರಿಗೆ ಅಂದೇ ಹೊಳೆದದ್ದು ಅವರ ಮುಖದಲ್ಲಿ ಕಾಣಿಸಿತು. ಕಿಟಕಿಯ ಗುಬ್ಬಿಯನ್ನು ಯಾರೂ ನೋಡಲಿಲ್ಲ. ಅಂದಿನಿಂದ ರಜೆಯ ಶನಿವಾರ ಹೋಗುತ್ತಿದ್ದೇನೆ. ನನ್ನ ಜತೆ ಈಗ ಇಬ್ಬರು ಗೆಳತಿಯರು ಬರುತ್ತಾರೆ. ಒಬ್ಬಳು ಎಲೆಕ್ಟ್ರಾನಿಕ್ಸ್ ಓದುವವಳು, ಇನ್ನೊಬ್ಬಳು ಶಿಕ್ಷಕರ ನೇಮಕಾತಿಗೆ ಕಾಯುತ್ತಿರುವವಳು. ಒಂದು ಸೆಮಿಸ್ಟರಿನಲ್ಲಿ ನನ್ನ ಅಂಕ ಸ್ವಲ್ಪ ಇಳಿದದ್ದೂ ನಿಜ, ಮುಚ್ಚಿಡುವುದಿಲ್ಲ. ಮುಂದಿನದರಲ್ಲಿ ಸರಿಮಾಡಿಕೊಳ್ಳಬೇಕು.

ಅಕ್ಕನ ಮಗ ಈಗ ಊರಲ್ಲಿಲ್ಲ. ದೀಪಾವಳಿ ಮುಗಿದ ಮೇಲೆ ಅಕ್ಕ ಮತ್ತು ಮಾಮ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋದರು, ಅವನೂ ಹೋದ. ಇಲ್ಲೇ ಬಿಟ್ಟು ಹೋಗ್ರಿ ಎಂದು ಅವ್ವ ಮತ್ತು ನಾನು ಹೇಳಿದೆವು, ಅಕ್ಕನಿಗೆ ಮನಸ್ಸಾಗಲಿಲ್ಲ. ಲೈಬ್ರರಿ ಪುಸ್ತಕ ಕೊಡುವಂತಿರಲಿಲ್ಲ. ಐದು ಕಥೆ ಜೆರಾಕ್ಸ್ ಮಾಡಿಸಿ, ದಾರದಲ್ಲಿ ಹೊಲಿದು ಅವನ ಚೀಲದಲ್ಲಿಟ್ಟೆ.

ಹೋದ ತಿಂಗಳು ಅಕ್ಕನ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಇಲಿಗಳ ಥಕಥೈ ಓದಿದ್ದಾನೆ. ಹಿಂದೆ ಕಾಂಕ್ರೀಟ್ ಮಿಕ್ಸರ್ ಗರಗರ ತಿರುಗುವ ಸದ್ದು. ಅವನ ಬೆರಳು ಎಲ್ಲಿದೆ ಎಂದು ಫೋನಿನಲ್ಲಿ ಕಾಣುವುದಿಲ್ಲ. ಆದರೆ ಒತ್ತಕ್ಷರ ಬಂದಲ್ಲೆಲ್ಲ ನಿಂತ, ತಡವರಿಸಿದ, ಕೂಡಿಸಿ ನೋಡಿ ಮುಂದೆ ಹೋದ. ಬಾಯಿಪಾಠ ಮಾಡಿದವರು ಹಾಗೆ ತಡವರಿಸುವುದಿಲ್ಲ.